ಕಟ್ಟಿದವರೇ ಗುರುತಿಸದ ಹಾಡು

ಗಿಟಾರ್ ಕಲಿಯಲು ಹೊರಟ ಹುಡುಗನೋ ಹುಡುಗಿಯೋ ಮೊದಲ ವಾರದಲ್ಲೇ ಮನೆಮಂದಿಯ ತಲೆಚಿಟ್ಟು ಹಿಡಿಸುವಷ್ಟು ಬಾರಿ ನುಡಿಸುವ ಒಂದು ಸ್ವರಗುಚ್ಛವಿದೆ. ಮೂರು ಸ್ವರ, ಸಣ್ಣದೊಂದು ಬಿಡುವು. ನಾಲ್ಕು ಸ್ವರ, ಮತ್ತೆ ಬಿಡುವು. ಮತ್ತೆ ಮೂರು, ಕೊನೆಗೆ ಇಳಿದು ಬರುವ ಎರಡು. ಲಂಡನ್ ಆದರೂ ಸರಿ, ನಮ್ಮ ಜಯನಗರವಾದರೂ ಸರಿ, ಈ ಪಾಠ ಮಾತ್ರ ತಪ್ಪುವುದಿಲ್ಲ. ಡೀಪ್ ಪರ್ಪಲ್ ಎಂಬ ಬ್ರಿಟಿಷ್ ಹಾರ್ಡ್ ರಾಕ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡು ಆರಂಭವಾಗುವುದು ಈ ಸ್ವರಗಳಿಂದ. ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಮುಖ ಸಿಂಡರಿಸುವವರಿಗೂ ಇದರ ಪರಿಚಯ ಇರುತ್ತದೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ.

ಇಷ್ಟು ಪ್ರಸಿದ್ಧವಾದ ಹಾಡಿನ ಬಗ್ಗೆ ಹೊಸದಾಗಿ ಬರೆಯುವುದಕ್ಕೇನಿದೆ ಎಂದು ಕೇಳಬಹುದು. ನನ್ನ ಕುತೂಹಲ ಇರುವುದು ಅದರ ಪ್ರಸಿದ್ಧಿಯಲ್ಲಿ ಅಲ್ಲ. ಆ ಪ್ರಸಿದ್ಧಿ ಬಂದ ರೀತಿಯಲ್ಲಿ. ಈ ಹಾಡನ್ನು ಕಟ್ಟಿದ ತಂಡವೇ ಇದನ್ನು ತನ್ನ ಮುಖ್ಯ ಹಾಡೆಂದು ಎಣಿಸಿರಲಿಲ್ಲ. ಧ್ವನಿಮುದ್ರಿಕೆಯಲ್ಲಿ ಕೆಲವು ನಿಮಿಷಗಳ ಜಾಗ ಖಾಲಿ ಉಳಿದದ್ದರಿಂದ ಇದು ಒಳಗೆ ಬಂತು. ಬಿಡುಗಡೆಯ ಹೊತ್ತಿನಲ್ಲಿ ಬೇರೊಂದು ಹಾಡನ್ನು ಮುಂದೆ ಮಾಡಲಾಯಿತು. ಒಂದು ವರ್ಷಕ್ಕೂ ಮಿಕ್ಕಿ ಸಮಯ ಕಳೆದ ಮೇಲೆ, ಬೇರೊಂದು ದೇಶದಲ್ಲಿ, ಇದು ಜನರ ಬಾಯಿಗೆ ಬಂತು. ಆ ವೇಳೆಗೆ ಇದರ ಪದಗಳನ್ನು ಬರೆದ ಇಬ್ಬರೂ ತಂಡದಲ್ಲಿ ಇರಲಿಲ್ಲ.

1971ರ ಕೊನೆಯ ಭಾಗದಲ್ಲಿ ಡೀಪ್ ಪರ್ಪಲ್ ತನ್ನ ಅತ್ಯುತ್ತಮ ಹಂತದಲ್ಲಿತ್ತು. ಗಿಟಾರಿಗೆ ರಿಚಿ ಬ್ಲ್ಯಾಕ್‌ಮೋರ್, ಹಾಡುಗಾರಿಕೆಗೆ ಇಯಾನ್ ಗಿಲನ್, ಬಾಸ್ ಗಿಟಾರಿಗೆ ರೋಜರ್ ಗ್ಲೋವರ್, ಆರ್ಗನ್‌ಗೆ ಜಾನ್ ಲಾರ್ಡ್, ಡ್ರಮ್ಸ್‌ಗೆ ಇಯಾನ್ ಪೇಸ್. ಆ ವರ್ಷದ ಅಮೆರಿಕ ಪ್ರವಾಸ ಗಿಲನ್ ಅವರಿಗೆ ಕಾಮಾಲೆ ತಗುಲಿದ್ದರಿಂದ ಮೊಟಕಾಯಿತು. ಮುಂದಿನ ಧ್ವನಿಮುದ್ರಿಕೆಯನ್ನು ಲಂಡನ್ನಿನ ಸ್ಟುಡಿಯೊದ ನಾಲ್ಕು ಗೋಡೆಗಳ ನಡುವೆ ಮಾಡಬಾರದು, ವೇದಿಕೆಯ ಮೇಲಿನ ಅಬ್ಬರ ಅದರಲ್ಲಿ ಮೂಡಬೇಕು ಎಂಬುದು ಅವರ ಬಯಕೆ. ಬ್ರಿಟನ್ನಿನ ಹೊರಗೆ ಕೆಲಸ ಮಾಡಿದರೆ ಅಲ್ಲಿನ ದುಬಾರಿ ತೆರಿಗೆಯಿಂದ ಪಾರಾಗಬಹುದೆಂಬ ಲೆಕ್ಕಾಚಾರವೂ ಜೊತೆಗಿತ್ತು. ಕಲೆಯ ಚರಿತ್ರೆಯಲ್ಲಿ ಲೆಕ್ಕಪರಿಶೋಧಕರ ಪಾಲನ್ನು ಯಾರೂ ಸರಿಯಾಗಿ ಬರೆದಿಲ್ಲ. ಹೀಗಾಗಿ ಅವರು ಆಯ್ದುಕೊಂಡದ್ದು ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಮಾಂಟ್ರೊ ಪಟ್ಟಣ. ಅಲ್ಲಿನ ಕ್ಯಾಸಿನೊ ಎಂಬ ಮನರಂಜನಾ ಮಂದಿರದೊಳಗೆ ದೊಡ್ಡ ಸಭಾಂಗಣವಿತ್ತು. ಚಳಿಗಾಲಕ್ಕೆ ಅದು ಬಾಗಿಲು ಹಾಕುವುದಿತ್ತು, ಆಮೇಲೆ ಇಡೀ ಕಟ್ಟಡ ಇವರದ್ದೇ. ಧ್ವನಿಮುದ್ರಣಕ್ಕೆ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊವನ್ನು ಬಾಡಿಗೆಗೆ ಪಡೆಯಲಾಗಿತ್ತು. ಒಂದು ಲಾರಿಯೊಳಗೆ ಯಂತ್ರಗಳನ್ನು ಕೂಡಿಸಿದ್ದರು. ಅದನ್ನು ಕಟ್ಟಡದ ಹೊರಗೆ ನಿಲ್ಲಿಸಿ, ತಂತಿಗಳನ್ನು ಒಳಗೆ ಎಳೆದುಕೊಂಡರೆ ಸಾಕಿತ್ತು.

ಬಾಗಿಲು ಹಾಕುವ ಮುನ್ನ ಸಭಾಂಗಣದಲ್ಲಿ ಒಂದೇ ಒಂದು ಕಾರ್ಯಕ್ರಮ ಬಾಕಿ ಉಳಿದಿತ್ತು. 1971ರ ಡಿಸೆಂಬರ್ 4, ಶನಿವಾರ. ಅಮೆರಿಕದ ಫ್ರ್ಯಾಂಕ್ ಜಾಪ್ಪಾ ಮತ್ತು ಅವರ ‘ಮದರ್ಸ್ ಆಫ್ ಇನ್ವೆನ್ಷನ್’ ತಂಡದ ಕಛೇರಿ. ಡೀಪ್ ಪರ್ಪಲ್ ತಂಡದವರೂ ಕೇಳಲು ಹೋಗಿದ್ದರು. ‘ಕಿಂಗ್ ಕಾಂಗ್’ ಎಂಬ ಕೃತಿಯ ನಡುವೆ ಸಿಂಥಸೈಜರ್ ವಾದನ ನಡೆಯುತ್ತಿದ್ದಾಗ ಸಭಿಕರ ನಡುವಿನಿಂದ ಯಾರೋ ಫ್ಲೇರ್ ಗನ್ ಹಾರಿಸಿದರು. ಹಡಗಿನವರು ಅಪಾಯದಲ್ಲಿ ಸಿಕ್ಕಿದಾಗ ಆಗಸಕ್ಕೆ ಉರಿ ಹಾರಿಸಿ ಸೂಚನೆ ಕೊಡುವ ಪಿಸ್ತೂಲು ಅದು. ಸಭಾಂಗಣದ ಚಾವಣಿಗೆ ಬೆತ್ತದ ಹೊದಿಕೆಯಿತ್ತು. ಒಣಗಿದ ಬೆತ್ತ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು! ಜಾಪ್ಪಾ ಗಾಬರಿಗೊಳ್ಳದೆ, ಶಾಂತವಾಗಿ ಹೊರಗೆ ನಡೆಯಿರಿ ಎಂದು ಸಭಿಕರನ್ನು ಕೇಳಿಕೊಂಡರು. ಮಾಂಟ್ರೊ ಜಾಜ್ ಉತ್ಸವದ ಸ್ಥಾಪಕರಲ್ಲಿ ಒಬ್ಬರಾದ ಕ್ಲಾಡ್ ನಾಬ್ಸ್ ಒಳಗೆ ಸಿಕ್ಕಿಕೊಂಡಿದ್ದ ಎಳೆಯರನ್ನು ಎಳೆದು ಹೊರಗೆ ತಂದರು. ಕೆಲವರಿಗೆ ಗಾಯಗಳಾದವು, ಆದರೆ ಒಂದು ಜೀವವೂ ಹೋಗಲಿಲ್ಲ. ಕಟ್ಟಡ ಮಾತ್ರ ಉಳಿಯಲಿಲ್ಲ. ಜಾಪ್ಪಾ ತಂಡದ ವಾದ್ಯಗಳು, ಉಪಕರಣಗಳು ಅದರೊಂದಿಗೇ ಭಸ್ಮವಾದವು. ದುರದೃಷ್ಟ ಅಷ್ಟಕ್ಕೆ ನಿಲ್ಲಲಿಲ್ಲ. ಆರು ದಿನಗಳ ಅನಂತರ, ಡಿಸೆಂಬರ್ 10ರಂದು, ಲಂಡನ್ನಿನ ರೇನ್‌ಬೋ ಸಭಾಂಗಣದಲ್ಲಿ ಪ್ರೇಕ್ಷಕನೊಬ್ಬ ಜಾಪ್ಪಾ ಅವರನ್ನು ವೇದಿಕೆಯಿಂದ ಕೆಳಕ್ಕೆ ತಳ್ಳಿದ. ತೀವ್ರವಾಗಿ ಗಾಯಗೊಂಡ ಅವರು ಬಹುಕಾಲ ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು.

ಇತ್ತ ಡೀಪ್ ಪರ್ಪಲ್ ತಂಡದವರು ಸರೋವರದ ದಡದ ಹೋಟೆಲಿನಿಂದ ಬೆಂಕಿಯನ್ನು ನೋಡುತ್ತಿದ್ದರು. ಹೊಗೆ ಬೆಟ್ಟದ ಗಾಳಿಗೆ ಕೆಳಗಿಳಿದು ನೀರಿನ ಮೇಲೆ ಚಾದರದಂತೆ ಹರಡಿಕೊಂಡಿತ್ತು. ಅವರ ಪಾಲಿಗೆ ಅದು ಕಾವ್ಯದ ಕ್ಷಣವಾಗಿರಲಿಲ್ಲ. ಲಾರಿ ಬಂದು ನಿಂತಿದೆ, ದಿನದ ಬಾಡಿಗೆ ಏರುತ್ತಿದೆ, ಕೆಲಸ ಮಾಡಬೇಕಾದ ಜಾಗವೇ ಸುಟ್ಟುಹೋಗಿದೆ. ನಾಬ್ಸ್ ಅವರೇ ಓಡಾಡಿ ಊರೊಳಗಿನ ಪೆವಿಲಿಯನ್ ಎಂಬ ರಂಗಮಂದಿರವನ್ನು ಕೊಡಿಸಿದರು. ರಾತ್ರಿಯ ಹೊತ್ತಿನಲ್ಲಿ ಧ್ವನಿಮುದ್ರಣ ಆರಂಭವಾಯಿತು. ಬ್ಲ್ಯಾಕ್‌ಮೋರ್ ತಂದಿದ್ದ ಒಂದು ಸ್ವರಗುಚ್ಛದ ಮೇಲೆ ವಾದ್ಯಭಾಗವನ್ನು ಕಟ್ಟುತ್ತಿದ್ದಂತೆ ನೆರೆಹೊರೆಯವರು ನಿದ್ದೆಗೆಟ್ಟು ಪೊಲೀಸರಿಗೆ ದೂರಿತ್ತರು. ಪೊಲೀಸರು ಬಂದು ಬಾಗಿಲು ತಟ್ಟತೊಡಗಿದಾಗ ತಂಡದ ಸಹಾಯಕರು ಒಳಗಿನಿಂದ ಬಾಗಿಲನ್ನು ಒತ್ತಿ ಹಿಡಿದು ನಿಂತರಂತೆ. ಅಷ್ಟರಲ್ಲಿ ವಾದ್ಯಭಾಗ ಮುಗಿಯಿತು. ಇಂದು ಜಗತ್ತಿನ ಮೂಲೆಮೂಲೆಗಳಲ್ಲಿ ಕೇಳಿಬರುವ ಆ ವಾದನದ ಹಿಂದೆ ಬಾಗಿಲ ಆಚೆ ಪೊಲೀಸರು ಕಾಯುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಪದಗಳೂ ಇಲ್ಲದ, ಹೆಸರೂ ಇಲ್ಲದ ಆ ತುಣುಕನ್ನು ಪಕ್ಕಕ್ಕಿಟ್ಟು ತಂಡ ಮತ್ತೊಂದು ಜಾಗ ಹುಡುಕಿಕೊಂಡು ಹೊರಟಿತು.

ಸಿಕ್ಕಿದ್ದು ಊರಂಚಿನ ಗ್ರ್ಯಾಂಡ್ ಹೋಟೆಲ್. ಚಳಿಗಾಲಕ್ಕೆ ಮುಚ್ಚಿದ್ದ ಕಟ್ಟಡ. ಒಳಗೆ ಕೊರೆಯುವ ಥಂಡಿ. ನೆಲಮಹಡಿಯ ಓಣಿಯಂಥ ಹಜಾರದಲ್ಲಿ ವಾದ್ಯಗಳನ್ನು ಜೋಡಿಸಿ, ಸದ್ದು ಹೊರಗೆ ಹೋಗದಂತೆಯೂ ಮರುದನಿ ಏಳದಂತೆಯೂ ಹಾಸಿಗೆಗಳನ್ನು ಗೋಡೆಗೆ ಒರಗಿಸಿದರು. ನುಡಿಸಿದ್ದನ್ನು ಕೇಳಿ ನೋಡಬೇಕೆಂದರೆ ಹೊರಗಿನ ಲಾರಿಗೆ ಹೋಗಬೇಕು. ಅದಕ್ಕೆ ಕೋಣೆಗಳನ್ನೂ ಸ್ನಾನದ ಮನೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಹಿಮದಲ್ಲಿ ಸುತ್ತಿ ನಡೆಯಬೇಕಿತ್ತು. ಕೆಲವು ಸುತ್ತಿನ ನಂತರ ಬೇಸತ್ತು, ಕೇಳುವ ಗೋಜಿಗೇ ಹೋಗದೆ, ಇದು ಸರಿಬಂತು ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡು ಮುಂದಿನದಕ್ಕೆ ಹೋಗತೊಡಗಿದರು. ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರ ಕಿವಿಯ ಮೇಲೆ ಎಲ್ಲರಿಗೂ ಭರವಸೆ. ‘ಮಷೀನ್ ಹೆಡ್’ ಎಂಬ ಈ ಧ್ವನಿಮುದ್ರಿಕೆಗೆ ಇರುವ ಲವಲವಿಕೆಗೆ ಈ ಸೋಮಾರಿತನವೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ತಿದ್ದುವ ಅನುಕೂಲ ಹೆಚ್ಚಿದ್ದಲ್ಲಿ ತಿದ್ದಿ ತಿದ್ದಿ ಕೆಡಿಸುವ ಸಾಧ್ಯತೆಯೂ ಹೆಚ್ಚು.

ಕೆಲಸ ಮುಗಿಯುವ ಹಂತಕ್ಕೆ ಬಂದಾಗ ಗಾನತಟ್ಟೆ ತುಂಬಲು ಇನ್ನೂ ಒಂದು ಹಾಡು ಬೇಕಾಗಿತ್ತು. ಆಗ ನೆನಪಾದದ್ದು ಪೆವಿಲಿಯನ್ನಿನಲ್ಲಿ ಬಿಟ್ಟು ಬಂದಿದ್ದ ತುಣುಕು. ಹಾಡಿಗೊಂದು ಹೆಸರಂತೂ ಇತ್ತು: ಬೆಂಕಿಯ ಕೆಲವು ದಿನಗಳ ಅನಂತರ ಗ್ಲೋವರ್ ಬೆಳಗಿನ ಜಾವ ನಿದ್ದೆಯಿಂದ ಎಚ್ಚರಗೊಳ್ಳುತ್ತ ‘ನೀರ ಮೇಲೆ ಹೊಗೆ’ ಎಂಬರ್ಥದ ಆ ಮೂರ್ನಾಲ್ಕು ಪದಗಳನ್ನು ಉಚ್ಚರಿಸಿದ್ದರು. ಗಿಲನ್ ಅವರಿಗೆ ಅದು ಹಿಡಿಸಲಿಲ್ಲ. ಮಾದಕ ವಸ್ತುವಿನ ಹಾಡೆಂದು ಜನ ತಿಳಿದಾರು ಎಂಬ ಅಳುಕು. ಹೊಗೆಯೆಂದರೆ ಆ ಕಾಲಕ್ಕೆ ಒಂದೇ ಅರ್ಥ. ಈಗ ಬೇರೆ ದಾರಿಯಿರಲಿಲ್ಲ. ಇಬ್ಬರೂ ಕೂತು, ಆ ಕೆಲವು ವಾರಗಳಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದರು.

ಈ ಬರವಣಿಗೆಯ ಸ್ವರೂಪವನ್ನು ಗಮನಿಸಬೇಕು. ಹಾರ್ಡ್ ರಾಕ್ ಹಾಡುಗಳ ಸಾಹಿತ್ಯವೆಂದರೆ ಸಾಮಾನ್ಯವಾಗಿ ವೇಗದ ಕಾರು, ಕೈಗೆಟುಕದ ಹೆಣ್ಣು, ಇಲ್ಲವೇ ಅಸ್ಪಷ್ಟ ದಂಗೆಯ ಮಾತು. ಇಲ್ಲಿ ಅದೊಂದೂ ಇಲ್ಲ. ಯಾವ ಊರು, ಯಾವ ಸರೋವರ, ಯಾರ ಕಛೇರಿ, ಬೆಂಕಿ ಹೇಗೆ ಹತ್ತಿತು, ಯಾರು ಮಕ್ಕಳನ್ನು ಉಳಿಸಿದರು, ಆಮೇಲೆ ಎಲ್ಲಿಗೆ ಹೋದೆವು, ಖಾಲಿ ಹೋಟೆಲಿನಲ್ಲಿ ಎಂಥ ದೀಪ, ಎಂಥ ಹಾಸಿಗೆ: ಇಷ್ಟೇ. ಒಬ್ಬ ಜಿಲ್ಲಾ ವರದಿಗಾರ ಕಳಿಸಿದ ಸುದ್ದಿಯಂತಿದೆ. ಜಾಪ್ಪಾ ತಮ್ಮ ಹೆಸರಿನಲ್ಲೇ ಬರುತ್ತಾರೆ, ನಾಬ್ಸ್ ಒಂದು ಪ್ರೀತಿಯ ಅಡ್ಡಹೆಸರಿನಲ್ಲಿ. ನಮ್ಮಲ್ಲಿ ಇಂಥ ಕೆಲಸವನ್ನು ಲಾವಣಿಗಳು ಮಾಡುತ್ತಿದ್ದವು. ಹಲಗಲಿಯ ಬೇಡರ ದಂಗೆಯಾಗಲಿ ಸಂಗೊಳ್ಳಿ ರಾಯಣ್ಣನ ಕಥೆಯಾಗಲಿ ಊರು-ಹೆಸರುಗಳ ಸಮೇತ ಜನರ ನೆನಪಿನಲ್ಲಿ ಉಳಿದದ್ದು ಹಾಡಿನ ಮೂಲಕವೇ. ಆದರೆ ಲಾವಣಿಗೆ ಒಬ್ಬ ವೀರ ಬೇಕು. ಈ ಹಾಡಿನಲ್ಲಿ ವೀರನಿಲ್ಲ. ಕೆಲಸ ಕೆಟ್ಟಿತು, ಹೇಗೋ ಮುಗಿಸಿದೆವು, ಇಲ್ಲಿ ಕಂಡದ್ದನ್ನು ಮರೆಯಲಾರೆವು ಎಂಬ ಕಸುಬುದಾರರ ಮಾತು ಮಾತ್ರ ಇದೆ. ಬೆಂಕಿ ಹಚ್ಚಿದವನ ಮೇಲೂ ಹಾಡು ಕೆಂಡ ಕಾರುವುದಿಲ್ಲ. ಅವನನ್ನು ದಡ್ಡನೆಂದು ಕರೆದು ಮುಂದಕ್ಕೆ ಹೋಗುತ್ತದೆ. ಸಾವು ಸಂಭವಿಸಿದ್ದರೆ ಇಂಥ ಹಗುರ ಸಾಧ್ಯವಾಗುತ್ತಿರಲಿಲ್ಲ, ಬಹುಶಃ ಹಾಡೇ ಹುಟ್ಟುತ್ತಿರಲಿಲ್ಲ.

ಇನ್ನು ಆ ಸ್ವರಗಳ ಮಾತು. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಜಿ ಮೈನರ್ ಬ್ಲೂಸ್ ಶ್ರೇಣಿಯ ನಾಲ್ಕು ಸ್ವರಗಳ ಆಟ. ನಮ್ಮ ಕಿವಿಗೆ ಹೇಳುವುದಾದರೆ, ಜಿ ಸ್ವರವನ್ನು ಷಡ್ಜವೆಂದು ಹಿಡಿದರೆ ಮೊದಲು ಬರುವುದು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಎರಡನೆಯ ಸುತ್ತಿನಲ್ಲಿ ಗಾಂಧಾರದಿಂದ ನೇರ ಪ್ರತಿ ಮಧ್ಯಮಕ್ಕೆ ಹಾರಿ ತಕ್ಷಣ ಶುದ್ಧ ಮಧ್ಯಮಕ್ಕೆ ಜಾರುತ್ತದೆ. ಕರ್ನಾಟಕ ಪದ್ಧತಿಯ ಮೇಳಕರ್ತ ಲೆಕ್ಕದಲ್ಲಿ ಒಂದು ರಾಗಕ್ಕೆ ಒಂದೇ ಮಧ್ಯಮ. ಹಿಂದೂಸ್ತಾನಿಯ ಲಲಿತ ರಾಗವನ್ನು ಕೇಳಿದವರಿಗೆ ಮಾತ್ರ ಎರಡು ಮಧ್ಯಮಗಳು ಒಂದರ ಬೆನ್ನಿಗೊಂದು ಬಂದಾಗ ಉಂಟಾಗುವ ಕಚಗುಳಿ ಗೊತ್ತು. ಲಲಿತಕ್ಕೂ ಇದಕ್ಕೂ ನಂಟಿದೆಯೆಂದು ನಾನು ಹೇಳುತ್ತಿಲ್ಲ, ಅಲ್ಲಿನ ಗಾಂಧಾರವೇ ಬೇರೆ. ಆ ಒಂದು ಜಾರು ಇಲ್ಲದಿದ್ದರೆ ಈ ಸ್ವರಗುಚ್ಛ ಮಕ್ಕಳ ಸರಳೆಯಂತೆ ಉಳಿಯುತ್ತಿತ್ತು ಎಂಬುದಷ್ಟೇ ನನ್ನ ಮಾತು. ಇನ್ನೊಂದು ಸ್ವಾರಸ್ಯವಿದೆ. ಬ್ಲ್ಯಾಕ್‌ಮೋರ್ ಪ್ರತಿಯೊಂದು ಸ್ವರದ ಜೊತೆಗೂ ಅದಕ್ಕಿಂತ ನಾಲ್ಕನೆಯ ಕೆಳಸ್ವರವನ್ನು ಸೇರಿಸಿ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಾರೆ. ಹಾಗಾಗಿ ಮೊದಲ ಮೀಟಿನಲ್ಲಿ ಕೇಳುವುದು ಮಂದ್ರ ಪಂಚಮ ಮತ್ತು ಷಡ್ಜ. ನಮ್ಮ ತಂಬೂರಿಯಲ್ಲಿ ನಿತ್ಯ ಕೇಳುವ ಜೋಡಿ. ಗಿಟಾರ್ ಮೀಟಲು ಬಳಸುವ ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಟ್ಟು ಅವರು ಬೆರಳುಗಳಿಂದಲೇ ಮೀಟುವುದು ಎರಡೂ ತಂತಿ ಏಕಕಾಲಕ್ಕೆ ನುಡಿಯಲೆಂದು. ಬಹುಪಾಲು ಕಲಿಕೆಯವರು ಇದನ್ನು ತಪ್ಪಾಗಿಯೇ ನುಡಿಸುತ್ತಾರೆ. ಬೀಥೋವನ್ ಅವರ ಐದನೆಯ ಸಿಂಫನಿಯ ಆರಂಭವನ್ನು ತಿರುವುಮುರುವು ಮಾಡಿದ್ದಷ್ಟೇ ತನ್ನ ಕೆಲಸ ಎಂದು ಬ್ಲ್ಯಾಕ್‌ಮೋರ್ ಚಟಾಕಿ ಹಾರಿಸಿದ್ದುಂಟು.

ಸರಳ ಸ್ವರಗಳ ಭಾರ ಹೆಚ್ಚಿದ್ದು ಅವುಗಳ ಪ್ರವೇಶದ ಕ್ರಮದಿಂದ. ಮೊದಲು ಗಿಟಾರ್ ಒಂದೇ. ಆಮೇಲೆ ಪೇಸ್ ಅವರ ಹೈ-ಹ್ಯಾಟ್ ತಾಳದ ಸಣ್ಣ ಕುಟ್ಟು, ಅದರೊಂದಿಗೆ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿನ ಮೂಲಕ ಹಾಯಿಸಿ ಅದರ ದನಿಯನ್ನು ಬೇಕೆಂದೇ ಒಡೆಯುತ್ತಿದ್ದರು. ಹೀಗಾಗಿ ಎಲ್ಲಿ ಗಿಟಾರ್ ಮುಗಿದು ಎಲ್ಲಿ ಆರ್ಗನ್ ಮೊದಲಾಗುತ್ತದೆ ಎಂದು ಹೇಳುವುದು ಕಷ್ಟ. ಅನಂತರ ಪೂರ್ಣ ಡ್ರಮ್ಸ್. ಕಟ್ಟಕಡೆಗೆ ಗ್ಲೋವರ್ ಅವರ ಬಾಸ್. ಗಿಲನ್ ಬಾಯಿ ತೆರೆಯುವ ಹೊತ್ತಿಗೆ ಐವರೂ ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದು ಕುಳಿತಂತಾಗಿರುತ್ತದೆ.

‘ಮಷೀನ್ ಹೆಡ್’ ಬಿಡುಗಡೆಯಾದದ್ದು 1972ರ ಮಾರ್ಚ್‌ನಲ್ಲಿ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಆದರೆ ರೇಡಿಯೊದವರನ್ನೂ ಅಂಗಡಿಯವರನ್ನೂ ಒಲಿಸಲೆಂದು ಸಿಂಗಲ್ ರೂಪದಲ್ಲಿ, ಅಂದರೆ ಬದಿಗೊಂದು ಹಾಡಿರುವ ಸಣ್ಣ ತಟ್ಟೆಯಾಗಿ, ಹೊರತಂದದ್ದು ‘ನೆವರ್ ಬಿಫೋರ್’ ಎಂಬ ಬೇರೊಂದು ಹಾಡನ್ನು. ಇಂದು ಅದನ್ನು ನೆನೆಯುವವರು ತಂಡದ ಕಟ್ಟಾ ಅಭಿಮಾನಿಗಳು ಮಾತ್ರ. ‘ಸ್ಮೋಕ್ ಆನ್ ದ ವಾಟರ್’ ತಟ್ಟೆಯ ಎರಡನೆಯ ಬದಿಯಲ್ಲಿ, ಐದು ನಿಮಿಷ ನಲವತ್ತು ಸೆಕೆಂಡುಗಳ ಹಾಡಾಗಿ ಸುಮ್ಮನೆ ಕುಳಿತಿತ್ತು. ಆ ಕಾಲದ ರೇಡಿಯೊಗೆ ಮೂರು-ಮೂರೂವರೆ ನಿಮಿಷದ ಹಾಡು ಬೇಕು. ಇಷ್ಟುದ್ದದ, ಪ್ರೇಮದ ಸುಳಿವೂ ಇಲ್ಲದ ವರದಿಯನ್ನು ಯಾರು ಹಾಕಿಯಾರು ಎಂದು ಕಂಪನಿಯವರು ಯೋಚಿಸಿದ್ದರೆ ಅದು ಅಸಹಜವಲ್ಲ.

ಹಾಡನ್ನು ಎಬ್ಬಿಸಿದ್ದು ಜಪಾನ್. 1972ರ ಆಗಸ್ಟ್ 15ರಿಂದ 17ರವರೆಗೆ ಒಸಾಕಾ ಮತ್ತು ಟೋಕಿಯೊಗಳಲ್ಲಿ ತಂಡದ ಕಛೇರಿಗಳು ನಡೆದವು. ಅಲ್ಲಿನ ಕಂಪನಿ ಕಛೇರಿಯ ಧ್ವನಿಮುದ್ರಿಕೆ ತರಬೇಕೆಂದು ಹಟ ಹಿಡಿದಾಗ ತಂಡಕ್ಕೆ ಅಷ್ಟೇನೂ ಉತ್ಸಾಹವಿರಲಿಲ್ಲ. ಬರ್ಚ್ ಅವರೇ ಧ್ವನಿಮುದ್ರಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿತು. ಆ ‘ಮೇಡ್ ಇನ್ ಜಪಾನ್’ ಎಷ್ಟು ಚೆನ್ನಾಗಿ ಬಂತೆಂದರೆ, ಜಪಾನಿಗೆಂದು ಮಾಡಿದ್ದು 1972ರ ಡಿಸೆಂಬರ್‌ನಲ್ಲಿ ಬ್ರಿಟನ್ನಿಗೂ ಮರುವರ್ಷದ ವಸಂತದಲ್ಲಿ ಅಮೆರಿಕಕ್ಕೂ ಬಂತು. ಅದರಲ್ಲಿರುವ ‘ಸ್ಮೋಕ್ ಆನ್ ದ ವಾಟರ್’ ಆಗಸ್ಟ್ 15ರ ಒಸಾಕಾ ಕಛೇರಿಯದು. ಬ್ಲ್ಯಾಕ್‌ಮೋರ್ ಆರಂಭದ ಸ್ವರಗಳನ್ನು ಬೇಕೆಂದೇ ಹಿಂದುಮುಂದಾಗಿಸಿ ಆಟವಾಡಿಸುತ್ತಾರೆ, ಸಭಿಕರು ಆಗಲೇ ಚಪ್ಪಾಳೆಯಿಂದ ಕಾಲ ಹಿಡಿದಿರುತ್ತಾರೆ. ಹಾಡಿನಲ್ಲಿ ಏನಿದೆಯೆಂಬುದು ಕಟ್ಟಿದವರಿಗಿಂತ ಮೊದಲು ಕೇಳುವವರಿಗೆ ಗೊತ್ತಾಗಿತ್ತು.

1973ರ ಮೇ ತಿಂಗಳಲ್ಲಿ ಅಮೆರಿಕದ ವಾರ್ನರ್ ಕಂಪನಿ ಕೊನೆಗೂ ಇದನ್ನು ಸಿಂಗಲ್ ಆಗಿ ಹೊರತಂದಿತು. ನಾಲ್ಕು ನಿಮಿಷದೊಳಕ್ಕೆ ಕತ್ತರಿಸಿದ ಸ್ಟುಡಿಯೊ ರೂಪ ಒಂದು ಬದಿಗೆ, ಜಪಾನಿನ ಕಛೇರಿಯ ರೂಪ ಇನ್ನೊಂದು ಬದಿಗೆ: ಒಂದೇ ಹಾಡು ಎರಡು ಮುಖ. ಜುಲೈ ಕೊನೆಯ ಹೊತ್ತಿಗೆ ಬಿಲ್‌ಬೋರ್ಡ್ ಪಟ್ಟಿಯ ನಾಲ್ಕನೆಯ ಸ್ಥಾನ ತಲುಪಿತು. ಹಳೆಯ ‘ಮಷೀನ್ ಹೆಡ್’ ಕೂಡ ಅದರ ಬೆನ್ನಿಗೆ ಅಮೆರಿಕದಲ್ಲಿ ಏಳನೆಯ ಸ್ಥಾನಕ್ಕೆ ಏರಿತು.

ಆದರೆ ತಂಡ? ಎಡೆಬಿಡದ ಪ್ರವಾಸ, ಅನಾರೋಗ್ಯ, ಗಿಲನ್-ಬ್ಲ್ಯಾಕ್‌ಮೋರ್ ನಡುವೆ ಮಾತುಕತೆಯೇ ನಿಂತುಹೋದ ವೈಮನಸ್ಯ. ಗಿಲನ್ ತಿಂಗಳುಗಳ ಹಿಂದೆಯೇ ರಾಜೀನಾಮೆ ಕೊಟ್ಟಿದ್ದರು. ಗ್ಲೋವರ್ ಅವರನ್ನು ಹೊರಡುವಂತೆ ಮಾಡಲಾಯಿತು. ಅವರಿಬ್ಬರ ಕೊನೆಯ ಕಛೇರಿ 1973ರ ಜೂನ್ 29ರಂದು, ಮತ್ತೆ ಅದೇ ಒಸಾಕಾದಲ್ಲಿ. ಒಂದು ತಿಂಗಳ ನಂತರ, ಅವರು ಬರೆದ ಪದಗಳನ್ನು ಅಮೆರಿಕದ ಹುಡುಗರು ರೇಡಿಯೊ ಜೊತೆ ಕೂಡಿ ಹಾಡುತ್ತಿದ್ದಾಗ, ಇಬ್ಬರೂ ಮಾಜಿ ಸದಸ್ಯರು. ಮುಂದಿನ ವರ್ಷಗಳಲ್ಲಿ ಆ ಪದಗಳನ್ನು ವೇದಿಕೆಯ ಮೇಲೆ ಹಾಡಿದವರು ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್. ಬೆಂಕಿಯನ್ನು ಕಂಡಿರದವರು ನಾವು ಕಂಡೆವು ಎಂದು ಹಾಡುವುದು ವಿಚಿತ್ರವೇ ಸರಿ. ಲಾವಣಿಕಾರರೂ ಅದನ್ನೇ ಮಾಡುತ್ತಾರಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು. ಹಳೆಯ ಐವರು ಮತ್ತೆ ಒಂದಾದದ್ದು 1984ರಲ್ಲಿ. ಸ್ವಂತ ನಾಡಾದ ಬ್ರಿಟನ್ನಿನಲ್ಲಿ ಈ ಹಾಡು ಸಿಂಗಲ್ ಆಗಿ ಹೊರಬಂದದ್ದು 1977ರಲ್ಲಿ, ತಂಡವೇ ಒಡೆದುಹೋಗಿದ್ದ ಕಾಲದಲ್ಲಿ. ಅಲ್ಲಿ ಅದು ಮುಟ್ಟಿದ್ದು 21ನೆಯ ಸ್ಥಾನವನ್ನು.

ಹಾಡು ತನ್ನ ಊರಿನ ಬೆಂಕಿಯನ್ನು ಬಿಟ್ಟು ಬೇರೆಯವರ ದುಃಖಕ್ಕೂ ಒದಗಿತು. 1988ರ ಡಿಸೆಂಬರ್ 7ರಂದು ಆರ್ಮೇನಿಯದಲ್ಲಿ ಭೂಕಂಪವಾಗಿ ಕನಿಷ್ಠ 25,000 ಮಂದಿ ಸತ್ತಾಗ, ನೆರವು ನಿಧಿಗಾಗಿ ಬ್ರಿಟನ್ನಿನ ರಾಕ್ ಸಂಗೀತಗಾರರು 1989ರಲ್ಲಿ ಇದನ್ನೇ ಮತ್ತೆ ಹಾಡಿದರು. ಗಿಲನ್ ಮತ್ತು ಬ್ಲ್ಯಾಕ್‌ಮೋರ್ ಅವರ ಜೊತೆಗೆ ಕ್ವೀನ್ ತಂಡದ ಬ್ರಯಾನ್ ಮೇ, ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್ ಮುಂತಾದವರಿದ್ದರು. ಗಿಲನ್ ಮತ್ತು ಅಯೋಮಿ ಅದನ್ನು ಅಲ್ಲಿಗೇ ಬಿಡಲಿಲ್ಲ. ಭೂಕಂಪದಿಂದ ನಲುಗಿದ್ದ ಗ್ಯುಮ್ರಿ ನಗರದಲ್ಲಿ ಒಂದು ಸಂಗೀತ ಶಾಲೆಯ ಮರುನಿರ್ಮಾಣಕ್ಕೆ ಹಣ ಕೂಡಿಸಿದರು, ಶಾಲೆ 2013ರಲ್ಲಿ ತೆರೆಯಿತು. ಇದರೆದುರು 2007ರಲ್ಲಿ ಅಮೆರಿಕದ ಕಾನ್ಸಾಸ್ ನಗರದಲ್ಲಿ 1,700ಕ್ಕೂ ಹೆಚ್ಚು ಗಿಟಾರುಗಳು ಒಟ್ಟಿಗೆ ಆ ಸ್ವರಗಳನ್ನು ನುಡಿಸಿ ದಾಖಲೆ ಮಾಡಿದ್ದು ನನಗೆ ಬರಿಯ ಜಾತ್ರೆಯಾಗಿ ಕಾಣುತ್ತದೆ.

ಮಾಂಟ್ರೊದ ಕ್ಯಾಸಿನೊ 1975ರಲ್ಲಿ ಮತ್ತೆ ತೆರೆಯಿತು. ಆರ್ಗನ್ ವಾದಕ ಜಾನ್ ಲಾರ್ಡ್ 2012ರ ಜುಲೈನಲ್ಲಿ ತೀರಿಕೊಂಡರು. ಮಕ್ಕಳನ್ನು ಹೊರಗೆಳೆದು ತಂದ ಕ್ಲಾಡ್ ನಾಬ್ಸ್, ಹಿಮದ ಮೇಲೆ ಸ್ಕೀ ಜಾರಾಟದಲ್ಲಿ ಬಿದ್ದು, 2013ರ ಜನವರಿಯಲ್ಲಿ. ಆ ಸಂಚಾರಿ ಸ್ಟುಡಿಯೊ ಲಾರಿ ಈಗ ಕೆನಡಾದ ಕ್ಯಾಲ್ಗರಿಯ ರಾಷ್ಟ್ರೀಯ ಸಂಗೀತ ಕೇಂದ್ರದಲ್ಲಿದೆ. 2024ರಲ್ಲಿ ‘ಮಷೀನ್ ಹೆಡ್’ ಧ್ವನಿಮುದ್ರಿಕೆಯ ಐವತ್ತರ ನೆನಪಿನ ವಿಶೇಷ ಆವೃತ್ತಿ ಹೊರಬಂತು. ಹಳೆಯ ಟೇಪುಗಳಿಂದ ಒಂದೊಂದು ವಾದ್ಯವನ್ನೂ ಬೇರ್ಪಡಿಸಿ, ಮತ್ತೆ ಹದವಾಗಿ ಬೆರೆಸುವ ಕೆಲಸವನ್ನು ಒಬ್ಬ ಗಿಟಾರ್ ವಾದಕರಿಗೆ ವಹಿಸಲಾಗಿತ್ತು. ಹೆಸರು ಡ್ವೀಜಿಲ್ ಜಾಪ್ಪಾ. ಅಂದು ಕಛೇರಿಯ ಮಧ್ಯದಲ್ಲಿ ವಾದ್ಯಗಳನ್ನೆಲ್ಲ ಕಳೆದುಕೊಂಡ ಫ್ರ್ಯಾಂಕ್ ಜಾಪ್ಪಾ ಅವರ ಮಗ. ಹೊಸ ಮಿಶ್ರಣವನ್ನು ಕೇಳಿ ಮೆಚ್ಚಿದವರು ಬಹಳ. ನನಗೇನೋ ಇನ್ನೂ 1972ರದ್ದೇ ಹಿಡಿಸುತ್ತದೆ.